ಐದು ಸಾಕ್ಷಿಗಳೂ ಆರನೆಯ ಸಂಖ್ಯೆಯೂ

ಪ್ರಯೋಗಶಾಲೆಯಲ್ಲಿ ನಾಲ್ಕೈದು ಅಳತೆಗಳನ್ನು ತೆಗೆದು, ಆಲೇಖಪತ್ರದ ಮೇಲೆ ಬಿಂದುಗಳನ್ನಿಟ್ಟು, ಅವುಗಳ ಮೂಲಕ ಸರಳರೇಖೆಯೊಂದನ್ನು ಎಳೆದೊಡನೆ ನಿಯಮವು ಸಿದ್ಧವಾಯಿತೆಂದು ವಿದ್ಯಾರ್ಥಿಯು ಭಾವಿಸುತ್ತಾನೆ. ಈ ರೂಢಿ ಬಲಿಯುವ ಮುನ್ನವೇ ಆತನಿಗೆ ೪,೨೯,೪೯,೬೭,೨೯೭ ಎಂಬ ಸಂಖ್ಯೆಯ ಪರಿಚಯವಾಗಬೇಕೆಂಬುದು ನನ್ನ ಅಭಿಪ್ರಾಯ.

೨ರ ೧, ೨, ೪, ೮, ೧೬ನೆಯ ಘಾತಗಳಿಗೆ ಒಂದೊಂದನ್ನು ಕೂಡಿಸಿದರೆ ೩, ೫, ೧೭, ೨೫೭, ೬೫,೫೩೭ ದೊರೆಯುತ್ತವೆ. ಐದೂ ಅವಿಭಾಜ್ಯಗಳು, ೧ನ್ನೂ ತಮ್ಮನ್ನೂ ಬಿಟ್ಟರೆ ಬೇರಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗುವಂಥವಲ್ಲ. ಘಾತವನ್ನು ಹೀಗೆಯೇ ಇಮ್ಮಡಿಸುತ್ತ ಹೋದರೆ ಬರುವುದೆಲ್ಲವೂ ಅವಿಭಾಜ್ಯವೇ ಎಂದು ಫ್ರಾನ್ಸಿನ ಫರ್ಮಾ ೧೬೪೦ರಲ್ಲಿ ನಂಬಿದನು. ತನ್ನಲ್ಲಿ ಸಾಧನೆಯಿಲ್ಲವೆಂಬುದನ್ನು ಆತ ಮರೆಮಾಚಲಿಲ್ಲ. ಆತನನ್ನು ಹಳಿಯುವವರು ಇದನ್ನು ನೆನೆಯಬೇಕು.

ಆರನೆಯದೇ ನಮ್ಮ ಸಂಖ್ಯೆ: ೨ರ ೩೨ನೆಯ ಘಾತಕ್ಕೆ ೧ ಕೂಡಿಸಿದ್ದು. ಬರಿಯ ಭಾಗಾಹಾರದಿಂದ ಇದನ್ನು ಪರೀಕ್ಷಿಸಹೊರಟವನ ಮುಂದೆ ೬೫,೫೩೬ರೊಳಗಿನ ೬,೫೪೨ ಅವಿಭಾಜ್ಯಗಳು ಸಾಲುಗಟ್ಟಿ ನಿಲ್ಲುತ್ತವೆ. ಆದರೆ ೧೭೩೨ರಲ್ಲಿ ಆಯ್ಲರನು ಇದು ೬೪೧ರಿಂದ ಭಾಗವಾಗುವುದೆಂದು ತೋರಿಸಿದನು, ಭಾಗಲಬ್ಧ ೬೭,೦೦,೪೧೭. ಇದನ್ನು ಭಾಗಿಸಬಲ್ಲ ಅವಿಭಾಜ್ಯವು ೬೪ರ ಯಾವುದಾದರೊಂದು ಮಡಿಗೆ ೧ ಸೇರಿದಂತೆ ಇರಲೇಬೇಕೆಂದೂ ಆತನು ಮುಂದೆ ಸಾಧಿಸಿದನು. ಹಾಗಾದರೆ ನೋಡಬೇಕಾದವು ೧೯೩, ೨೫೭, ೪೪೯, ೫೭೭, ೬೪೧. ಐದನೆಯದಕ್ಕೇ ಗುಟ್ಟು ರಟ್ಟು!

ಇಂದು ಕಿಸೆಯಲ್ಲಿರುವ ಯಂತ್ರವೇ ಈ ಉತ್ತರವನ್ನು ಕ್ಷಣಾರ್ಧದಲ್ಲಿ ಕೊಡುತ್ತದೆ. ಏಕೆಂಬುದನ್ನು ಮಾತ್ರ ಹೇಳುವುದಿಲ್ಲ. ಅದೋ, ಅಂಗೈಯಗಲದ ಕಾಗದದಲ್ಲಿ ಹಿಡಿಸುವಷ್ಟು ಚಿಕ್ಕದು. ೬೪೦ ಎಂದರೆ ೫ ಸಲ ೨ರ ೭ನೆಯ ಘಾತ. ೬೪೧ಕ್ಕೆ ಒಂದು ಕಡಮೆ. ಆದುದರಿಂದ ೬೪೧ರಿಂದ ಭಾಗಿಸಿದಾಗ ಅದರ ಶೇಷವನ್ನು ಋಣ ೧ ಎನ್ನಬಹುದು. ಅದರ ನಾಲ್ಕನೆಯ ಘಾತದ ಶೇಷ ಧನ ೧. ಈ ಘಾತವು ೬೨೫ನ್ನು ೨ರ ೨೮ನೆಯ ಘಾತದಿಂದ ಗುಣಿಸಿದ್ದಷ್ಟೆ. ೬೨೫ ಆದರೋ ೬೪೧ಕ್ಕೆ ೧೬ ಕಡಮೆ. ಅದರ ಸ್ಥಾನದಲ್ಲಿ ಋಣ ೧೬ನ್ನು, ಅಂದರೆ ೨ರ ೪ನೆಯ ಘಾತವನ್ನು ಋಣಚಿಹ್ನೆಯೊಡನೆ, ಇಡಿರಿ. ೨ರ ೩೨ನೆಯ ಘಾತದ ಶೇಷ ಋಣ ೧ ಎಂದಾಯಿತು. ಅದಕ್ಕೆ ೧ ಕೂಡಿಸಿದರೆ ಶೇಷ ಸೊನ್ನೆ.

ಗಣಿತದ ಈ ಗೊಡವೆ ಭೌತವಿಜ್ಞಾನದ ವಿದ್ಯಾರ್ಥಿಗೇಕೆ ಎಂದು ಕೇಳುವವರುಂಟು. ಬಲ್ಬಿನ ತಂತಿಯಲ್ಲಿ ಅತ್ಯಲ್ಪ ವಿದ್ಯುತ್ತನ್ನು ಹರಿಸಿ ಪಡೆದ ಐದು ಅಳತೆಗಳು ಸರಳರೇಖೆಯ ಮೇಲೆಯೇ ಬೀಳಬಹುದು. ವಿದ್ಯುತ್ತನ್ನು ಹೆಚ್ಚಿಸಿ ತಂತಿ ಕಾದಾಗ ಆರನೆಯದು ರೇಖೆಯನ್ನು ಬಿಟ್ಟು ಸರಿಯುತ್ತದೆ. ಪ್ರಯೋಗದಲ್ಲಿ ಅಳತೆಗಳನ್ನು ನಂಬದೆ ಗತ್ಯಂತರವಿಲ್ಲ, ನಿಜ. ಅಳತೆಗಳ ಹಿಂದಿನ ಕಾರಣವನ್ನು ಹುಡುಕದೆ ಬಿಡುವುದಕ್ಕೆ ಮಾತ್ರ ಆ ನೆಪ ಸಲ್ಲದು.

ಫರ್ಮಾನ ಸಾಲಿನಲ್ಲಿ ಆರನೆಯದರಿಂದ ಮೂವತ್ತಮೂರನೆಯದರವರೆಗಿನ ಇಪ್ಪತ್ತೆಂಟೂ ವಿಭಾಜ್ಯಗಳೆಂದು ಈಗ ಗೊತ್ತಾಗಿದೆ. ಆದುದರಿಂದ ಐದರ ಮುಂದೆ ಅವಿಭಾಜ್ಯವೇ ಇಲ್ಲವೆಂದು ಅನೇಕರು ಊಹಿಸುತ್ತಾರೆ. ಅದಕ್ಕೂ ಇನ್ನೂ ಸಾಧನೆ ದೊರೆತಿಲ್ಲ.