ಕೂಸಿನ ಉಸಿರೂ ಖಾಸಗಿ ಆಸ್ಪತ್ರೆಯ ಬಿಲ್ಲೂ

ಸರಕಾರಿ ಆಸ್ಪತ್ರೆಯಲ್ಲಿ ತಾನಾಗಿ ಆಗುವ ಹೆರಿಗೆ, ನರ್ಸಿಂಗ್ ಹೋಮಿನ ಮೆಟ್ಟಿಲು ಹತ್ತಿದೊಡನೆ ಕತ್ತಿಯನ್ನೇ ಏಕೆ ಕೇಳುತ್ತದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿರಿ. ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14 ಹೆರಿಗೆಗಳು ಸಿಜೇರಿಯನ್, ಖಾಸಗಿಯಲ್ಲಿ 47! ದುಡ್ಡು ತೆರುವ ಕಡೆ ಹೆಂಗಸಿನ ದೇಹರಚನೆಯೇ ಬದಲಾಗುತ್ತದೆಯೆ? ಕಷ್ಟದ ಹೆರಿಗೆಗಳೆಲ್ಲ ತಮ್ಮಲ್ಲಿಗೇ ಬರುತ್ತವೆಂದು ಮಾಲೀಕರು ಹೇಳಿಯಾರು. ಕೈಮೀರಿದ ಬಸುರಿಯನ್ನು ಅಪರಾತ್ರಿಯಲ್ಲಿ ಜಿಲ್ಲಾಸ್ಪತ್ರೆಗೆ ಸಾಗಹಾಕುವವರು ಯಾರೆಂಬುದನ್ನು ನಮ್ಮ ಓದುಗರು ಬಲ್ಲರು.

ಇದರ ಬೆಲೆಯನ್ನು ತಾಯಿಯೊಬ್ಬಳೇ ತೆರುವುದಿಲ್ಲ. ಗರ್ಭದಲ್ಲಿರುವ ಮಗುವಿನ ಶ್ವಾಸಕೋಶದಲ್ಲಿ ಗಾಳಿಯಿಲ್ಲ, ದ್ರವವಿದೆ. ನೋವು ಆರಂಭವಾದಾಗ ಮಗುವಿನ ಮೈಯಲ್ಲಿ ಉಕ್ಕುವ ಅಡ್ರಿನಲಿನ್ ಮುಂತಾದ ಹಾರ್ಮೋನುಗಳು ಆ ದ್ರವವನ್ನು ಹೀರಿಸಿ, ಶ್ವಾಸಕೋಶವನ್ನು ಗಾಳಿಗೆ ಅಣಿಮಾಡುತ್ತವೆ. ನೋವು ಬರುವ ಮುನ್ನವೇ ಕೊಯ್ದು ತೆಗೆದ ಮಗುವಿಗೆ ಈ ಸಿದ್ಧತೆ ಪೂರ್ತಿ ಒದಗದು. ಡೆನ್ಮಾರ್ಕಿನಲ್ಲಿ 34,000ಕ್ಕೂ ಹೆಚ್ಚು ಶಿಶುಗಳನ್ನು ಗಮನಿಸಿದ ವೈದ್ಯರು 2008ರಲ್ಲಿ ಪ್ರಕಟಿಸಿದ ಲೆಕ್ಕವಿದು: ಮೊದಲೇ ದಿನ ಗೊತ್ತುಮಾಡಿ 37ನೆಯ ವಾರದಲ್ಲಿ ತೆಗೆದ ಶಿಶುಗಳಿಗೆ ಉಸಿರಾಟದ ತೊಂದರೆ ಸುಮಾರು ನಾಲ್ಕು ಪಟ್ಟು, 39ನೆಯ ವಾರದಲ್ಲಿ ಸುಮಾರು ಎರಡು ಪಟ್ಟು. ಅದೇ ವರ್ಷ 23 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಿಜೇರಿಯನ್ ಮಕ್ಕಳಲ್ಲಿ ಮುಂದೆ ಉಬ್ಬಸ ಕಾಣುವ ಸಂಭವ ನೂರಕ್ಕೆ ಸುಮಾರು 20ರಷ್ಟು ಹೆಚ್ಚೆಂದು ಕಂಡಿತು. ಉಬ್ಬಸಕ್ಕೆ ಶಸ್ತ್ರಕ್ರಿಯೆಯೇ ಕಾರಣವೆಂದು ಇನ್ನೂ ಸಿದ್ಧವಾಗಿಲ್ಲ, ನಿಜ. ತಾಯಿಯ ಕಾಯಿಲೆಗಳೂ ಅದರಲ್ಲಿ ಸೇರಿರಬಹುದು. ಆದರೆ ಸಂಶಯದ ಲಾಭ ಕೂಸಿಗೆ ಸಲ್ಲಬೇಕೋ, ಬಿಲ್ಲಿಗೆ ಸಲ್ಲಬೇಕೋ?

ಪಂಚಾಂಗ ಹಿಡಿದು ಬಂದು ಒಳ್ಳೆಯ ನಕ್ಷತ್ರದಲ್ಲೇ ಕೊಯ್ಯಿರೆನ್ನುವ ಸಿರಿವಂತರೂ ನಿರಪರಾಧಿಗಳಲ್ಲ. ಜೋಯಿಸರಿಗೂ ಸರ್ಜನರಿಗೂ ಇಷ್ಟು ಸಖ್ಯ ಬೆಳೆದೀತೆಂದು ಯಾರು ಎಣಿಸಿದ್ದರು!

ನಾವು ಶಸ್ತ್ರಕ್ರಿಯೆಯ ವಿರೋಧಿಗಳಲ್ಲ. ಮಗು ಅಡ್ಡಬಿದ್ದಾಗ, ರಕ್ತ ಹರಿಯುವಾಗ ಅದು ಇಬ್ಬರ ಜೀವ ಉಳಿಸುತ್ತದೆ. ಅದೇ ಸಮೀಕ್ಷೆಯಂತೆ ಬಿಹಾರದ ಸರಕಾರಿ ಆಸ್ಪತ್ರೆಗಳಲ್ಲಿ ಸಿಜೇರಿಯನ್ ನೂರಕ್ಕೆ 4ನ್ನೂ ಮುಟ್ಟಿಲ್ಲ. ಬೇಕಾದ ಬಡವಳಿಗೆ ಕತ್ತಿ ಸಿಗದು, ಬೇಡದವಳಿಗೆ ತಪ್ಪದು. ಇದು ವೈದ್ಯಶಾಸ್ತ್ರದ ನಿಯಮವಲ್ಲ, ಸಂತೆಯ ನಿಯಮ.

ಜಿಲ್ಲಾ ಆರೋಗ್ಯಾಧಿಕಾರಿಗಳು ಪ್ರತಿಯೊಂದು ಆಸ್ಪತ್ರೆಯ ಸಿಜೇರಿಯನ್ ಲೆಕ್ಕವನ್ನು, ಕಾರಣ ಸಹಿತ, ತಿಂಗಳು ತಿಂಗಳೂ ಬಾಗಿಲ ಬೋರ್ಡಿನ ಮೇಲೆ ಬರೆಸಲಿ. ವೈದ್ಯಕೀಯ ಕಾರಣವಿಲ್ಲದೆ 39 ವಾರ ತುಂಬುವ ಮುನ್ನ ಕೊಯ್ದವರಿಂದ ಜವಾಬು ಕೇಳಲಿ. ತಾಲ್ಲೂಕು ಆಸ್ಪತ್ರೆಗಳಿಗೆ ಅರಿವಳಿಕೆ ವೈದ್ಯರನ್ನೂ, ನೋವಿನ ಹೊತ್ತು ಪಕ್ಕದಲ್ಲಿ ಕೂತಿರಬಲ್ಲ ದಾದಿಯರನ್ನೂ ಸರಕಾರ ಈ ವರ್ಷವೇ ನೇಮಿಸಲಿ.