ಚಿನ್ನದ ಲೆಕ್ಕ ಮುಗಿಯಿತು, ಕಾಡಿನ ಲೆಕ್ಕ?

2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ನ್ಯಾಯಾಲಯದ ವಶದಲ್ಲಿದ್ದ ಜಯಲಲಿತಾ ಅವರ ಚಿನ್ನಾಭರಣಗಳನ್ನು ತಮಿಳುನಾಡು ಸರ್ಕಾರಕ್ಕೆ ಒಪ್ಪಿಸಲಾಯಿತು. ಸುಮಾರು 27 ಕಿಲೋ ಚಿನ್ನ, ಜೊತೆಗೆ ಜಮೀನಿನ ದಾಖಲೆಗಳು. ನಮ್ಮ ಕಡೆಯ ಟೀ ಅಂಗಡಿಗಳಲ್ಲಿ ಎರಡು ದಿನ ಇದೇ ಮಾತು. ಒಂದು ಮೊಕದ್ದಮೆ ಹೀಗೆ ಕೊನೆಯ ತೂಕದ ಚೀಟಿಯವರೆಗೂ ಬಂದು ಮುಟ್ಟುವುದು ನಮ್ಮ ದೇಶದಲ್ಲಿ ಅಪರೂಪ. ಆದರೆ ಅದೇ ಮುಖ್ಯಮಂತ್ರಿಯ ಅದೇ ಐದು ವರ್ಷಗಳಲ್ಲಿ ನಮ್ಮ ಗಡಿ ಕಾಡುಗಳಲ್ಲಿ ಇನ್ನೊಂದು ಲೆಕ್ಕವೂ ಶುರುವಾಗಿತ್ತು. ಅದರ ಗತಿ ಏನಾಯಿತು ಎಂದು ಯಾರೂ ಕೇಳಲಿಲ್ಲ.

ಆಸ್ತಿ ಪ್ರಕರಣದಲ್ಲಿ ಲೆಕ್ಕಕ್ಕೆ ಹಿಡಿದ ಅವಧಿ 1991ರ ಜುಲೈ 1ರಿಂದ 1996ರ ಏಪ್ರಿಲ್ 30. ತಿಂಗಳಿಗೆ ಒಂದು ರೂಪಾಯಿ ಸಂಬಳ ಸಾಕು ಎಂದಿದ್ದ ಮುಖ್ಯಮಂತ್ರಿಯ ಆಸ್ತಿ ಆ ಅವಧಿಯಲ್ಲಿ 66 ಕೋಟಿ ದಾಟಿತು ಎಂಬುದು ಆರೋಪ. ಮೆಟ್ಟುಪಾಳಯಂ ದಾಟಿ ಕೋತಗಿರಿ ಹಾದಿಯಲ್ಲಿ ಹೋದರೆ ಸಿಗುವ ಕೊಡನಾಡು ಚಹಾ ತೋಟವೂ ಆ ಪಟ್ಟಿಯಲ್ಲಿತ್ತು. ಈಗ ಅದೇ ಕ್ಯಾಲೆಂಡರನ್ನು ಬೆಟ್ಟದ ಮೇಲಿಟ್ಟು ನೋಡೋಣ. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಕೊಂದ. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತರು. ಆಮೇಲೆ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳು ಒಟ್ಟಾಗಿ ಬೆಟ್ಟ ಹತ್ತಿದವು. ಗಡಿ ಭದ್ರತಾ ಪಡೆಯೂ ಬಂತು. ಟಾಡಾ ಕಾಯ್ದೆಯೂ ಬಂತು.

1994ರ ಡಿಸೆಂಬರ್‌ನಲ್ಲಿ ಡಿಎಸ್ಪಿ ಚಿದಂಬರನಾಥನ್ ಅವರನ್ನೇ ಇಬ್ಬರು ಜೊತೆಗಾರರ ಸಮೇತ ಎತ್ತಿಕೊಂಡು ಹೋದಾಗ ಕೊಯಮತ್ತೂರು ಪಟ್ಟಣಕ್ಕೂ ಕಾಡಿನ ಬಿಸಿ ತಟ್ಟಿತು. ಅಲ್ಲಿಯ ತನಕ ಅದು ಬೆಟ್ಟದವರ ಪಾಡು ಎಂದುಕೊಂಡಿದ್ದವರೇ ಹೆಚ್ಚು.

ಈ ಕಥೆ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 2000ನೇ ಇಸವಿಯಲ್ಲಿ ಫಿಲಿಪ್ಪೀನ್ಸ್ ಎಂಬ ದ್ವೀಪರಾಷ್ಟ್ರದಲ್ಲಿ ಜೋಸೆಫ್ ಎಸ್ಟ್ರಾಡಾ ಅಧ್ಯಕ್ಷರಾಗಿದ್ದರು. ಅವರೂ ಸಿನಿಮಾದಿಂದ ಬಂದವರು, ಬಡವರ ನಾಯಕ ಎಂದೇ ಗೆದ್ದವರು. ದಕ್ಷಿಣದ ಮಿಂಡನಾವೊದಲ್ಲಿ ಮೋರೊ ಬಂಡುಕೋರರ ಮೇಲೆ ಅವರು ಪೂರ್ಣ ಯುದ್ಧ ಸಾರಿದರು. ಜುಲೈನಲ್ಲಿ ಬಂಡುಕೋರರ ಮುಖ್ಯ ಶಿಬಿರ ಅಬೂಬಕರ್ ಸೈನ್ಯದ ವಶವಾದಾಗ ಸ್ವತಃ ಅಲ್ಲಿಗೆ ಹೋಗಿ ಸೈನಿಕರಿಗೆ ಹಂದಿ ಮಾಂಸ, ಬಿಯರ್ ಹಂಚಿ ಸಂಭ್ರಮಿಸಿದರು. ಅದು ಮುಸ್ಲಿಮರ ನೆಲ ಎಂಬುದನ್ನು ಮರೆತರೋ, ಬೇಕೆಂದೇ ಮಾಡಿದರೋ! ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಇತ್ತ ಅಬು ಸಯ್ಯಾಫ್ ಗುಂಪು ಏಪ್ರಿಲ್ 23ರಂದು ಮಲೇಶಿಯಾದ ಸಿಪಾದಾನ್ ದ್ವೀಪದಿಂದ 21 ಜನರನ್ನು ಅಪಹರಿಸಿತ್ತು. ಲಿಬಿಯಾದ ಮಧ್ಯಸ್ಥಿಕೆಯಲ್ಲಿ ಕೋಟಿಗಟ್ಟಲೆ ಹಣ ಕೈಬದಲಾಗಿ ಅವರ ಬಿಡುಗಡೆ ಆಯಿತು ಎಂಬ ವರದಿಗಳು ಬಂದವು.

ಅದೇ ವರ್ಷದ ಜುಲೈ 30ರ ರಾತ್ರಿ ದೊಡ್ಡ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕರೆದೊಯ್ದ. ಆಗ ಚೆನ್ನೈನಲ್ಲಿ ಕರುಣಾನಿಧಿ, ಬೆಂಗಳೂರಿನಲ್ಲಿ ಎಸ್.ಎಂ. ಕೃಷ್ಣ. ಆ 108 ದಿನ ಎರಡು ಭಾಷೆ ಆಡುವ ನಮ್ಮಂಥವರಿಗೆ ಎಂಥವು ಎಂಬುದನ್ನು ಓದುಗರಿಗೆ ಹೇಳಬೇಕಿಲ್ಲ. ಅಂತರರಾಜ್ಯ ಬಸ್ಸು ನಿಂತಿದ್ದವು. ಸತ್ಯಮಂಗಲದ ಬಸ್ ನಿಲ್ದಾಣದಲ್ಲಿ ಚಾಮರಾಜನಗರದ ಬಸ್ಸಿಗೆ ಅರ್ಧ ದಿನ ಕಾದು ಮನೆಗೆ ವಾಪಸಾದವರಲ್ಲಿ ಈ ಲೇಖಕನೂ ಒಬ್ಬ. ಬೆಳಿಗ್ಗೆ ತಮಿಳು ಪತ್ರಿಕೆ ಓದಿದರೆ ಒಂದು ಕಥೆ, ಕನ್ನಡ ಪತ್ರಿಕೆ ಓದಿದರೆ ಇನ್ನೊಂದು ಕಥೆ. ಎರಡನ್ನೂ ಓದುವ ನಮಗೆ ಎರಡರಲ್ಲೂ ಏನು ಬಿಟ್ಟುಹೋಗಿದೆ ಎಂಬುದು ಮಾತ್ರ ತಿಳಿಯುತ್ತಿತ್ತು.

ಬಿಟ್ಟುಹೋದದ್ದು ಮೈಸೂರು ಜೈಲಿನಲ್ಲಿದ್ದವರ ಸುದ್ದಿ. ಅಪಹರಣದ ಬೇಡಿಕೆಗಳಲ್ಲಿ ಟಾಡಾ ಕೈದಿಗಳ ಬಿಡುಗಡೆಯೂ ಒಂದು. ಸರ್ಕಾರಗಳು ಒಪ್ಪಿದ್ದವು. ಹತನಾದ ಶಕೀಲ್ ಅಹ್ಮದ್ ಅವರ ವೃದ್ಧ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. 2000ದ ನವೆಂಬರ್‌ನಲ್ಲಿ ಕೋರ್ಟ್ ಸರ್ಕಾರದ ಕ್ರಮವನ್ನು ತಳ್ಳಿಹಾಕಿತು. ಮಗನನ್ನು ಕಳೆದುಕೊಂಡ ತಂದೆಯ ವಾದದಲ್ಲಿ ತಪ್ಪಿಲ್ಲ. ಆದರೆ 2001ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ನೂರಕ್ಕೂ ಹೆಚ್ಚು ಜನ ನಿರಪರಾಧಿಗಳೆಂದು ಹೊರಬಂದರು. ಅವರಲ್ಲಿ ಎಷ್ಟೋ ಜನ ಎಂಟು ವರ್ಷ ಒಳಗಿದ್ದವರು. ಶಿಕ್ಷೆಯಾದದ್ದು ಹದಿನಾಲ್ಕು ಜನಕ್ಕೆ. ಅವರಲ್ಲಿ ನಾಲ್ವರ ಜೀವಾವಧಿಯನ್ನು 2004ರಲ್ಲಿ ಸುಪ್ರೀಂ ಕೋರ್ಟ್ ಗಲ್ಲಿಗೆ ಏರಿಸಿತು. 2014ರ ಜನವರಿಯಲ್ಲಿ ಅದೇ ಕೋರ್ಟ್ ಮತ್ತೆ ಜೀವಾವಧಿಗೆ ಇಳಿಸಿತು.

ರಾಜ್‌ಕುಮಾರ್ ಬಿಡುಗಡೆಗೆ ಹಣ ಹೋಗಿತ್ತೇ? ಹೋಗಿತ್ತು ಎಂದು ಆಗ ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಸಿ. ದಿನಕರ್ ನಿವೃತ್ತಿಯ ನಂತರ ಪುಸ್ತಕವನ್ನೇ ಬರೆದರು. ಅಧಿಕಾರದಲ್ಲಿದ್ದವರು ಇಲ್ಲ ಎಂದರು. ಸಿಪಾದಾನ್ ಹಣದ ಬಗ್ಗೆಯೂ ಇಂಥದೇ ಹೌದು-ಅಲ್ಲಗಳು.

ಮತ್ತೆ ಭ್ರಷ್ಟಾಚಾರಕ್ಕೆ ಬರೋಣ. 2000ದ ಅಕ್ಟೋಬರ್‌ನಲ್ಲಿ ಎರಡೂ ಕಡೆ ಬಾಂಬು ಸಿಡಿಯಿತು. ಅಕ್ರಮ ಜೂಜಿನ ಹಣ ಅಧ್ಯಕ್ಷರಿಗೆ ಸಂದಾಯವಾಗುತ್ತಿದೆ ಎಂದು ಎಸ್ಟ್ರಾಡಾರ ಹಳೆಯ ಗೆಳೆಯನೇ ಬಾಯಿಬಿಟ್ಟ. ಇಲ್ಲಿ ಟಾನ್ಸಿ ಜಮೀನು ಪ್ರಕರಣದಲ್ಲಿ ಜಯಲಲಿತಾಗೆ ಶಿಕ್ಷೆಯಾಯಿತು. 2001ರ ಜನವರಿಯಲ್ಲಿ ಜನ ಬೀದಿಗಿಳಿದು ಎಸ್ಟ್ರಾಡಾರನ್ನು ಇಳಿಸಿದರು. ನಮ್ಮಲ್ಲಿ ಮೇ ತಿಂಗಳಲ್ಲಿ ಜನ ಮತ ಹಾಕಿ ಜಯಲಲಿತಾರನ್ನು ಏರಿಸಿದರು. ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ಆ ನೇಮಕವನ್ನು ರದ್ದು ಮಾಡಿತು. ಡಿಸೆಂಬರ್‌ನಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು, 2002ರ ಮಾರ್ಚ್‌ನಲ್ಲಿ ಮತ್ತೆ ಕುರ್ಚಿ. ಎಸ್ಟ್ರಾಡಾ 2007ರ ಸೆಪ್ಟೆಂಬರ್‌ನಲ್ಲಿ ಲೂಟಿ ಅಪರಾಧಕ್ಕೆ ಜೀವಾವಧಿ ಪಡೆದರೂ ಆರೇ ವಾರದಲ್ಲಿ ಅಧ್ಯಕ್ಷೆ ಗ್ಲೋರಿಯಾ ಅರೋಯೊ ಕ್ಷಮಾದಾನ ಕೊಟ್ಟರು. 2013ರಲ್ಲಿ ಅವರು ಮನಿಲಾ ನಗರದ ಮೇಯರ್! ಅರೋಯೊ ಕೂಡ ಅಧಿಕಾರ ಬಿಟ್ಟ ಮೇಲೆ ಬಂಧನದಲ್ಲಿದ್ದು, 2016ರಲ್ಲಿ ಖುಲಾಸೆಯಾಗಿ, 2018ರಲ್ಲಿ ಸಂಸತ್ತಿನ ಸ್ಪೀಕರ್ ಆದರು.

ಅವರಿಗೆ ಹೋಲಿಸಿದರೆ ನಮ್ಮ ನ್ಯಾಯಾಲಯಗಳು ಹೆಚ್ಚು ದೂರ ನಡೆದವು ಎಂದೇ ಹೇಳಬೇಕು. ಯಾಕೆ ನಡೆದವು? ಹಿಂದೆ ಬಿದ್ದವರು ಇದ್ದರು. ಡಿಎಂಕೆಯ ಕೆ. ಅನ್ಬಳಗನ್ ಅರ್ಜಿ ಹಾಕಿದ್ದರಿಂದ 2003ರ ನವೆಂಬರ್‌ನಲ್ಲಿ ಆಸ್ತಿ ಪ್ರಕರಣ ಬೆಂಗಳೂರಿಗೆ ಬಂತು. 2014ರ ಸೆಪ್ಟೆಂಬರ್ 27ರಂದು ನ್ಯಾಯಾಧೀಶ ಕುನ್ಹಾ ನಾಲ್ಕು ವರ್ಷ ಜೈಲು, 100 ಕೋಟಿ ದಂಡ ವಿಧಿಸಿದರು. ಕಾವೇರಿಯನ್ನು ನೀವೇ ಇಟ್ಟುಕೊಳ್ಳಿ, ಅಮ್ಮನನ್ನು ಕೊಡಿ ಎಂಬ ಅರ್ಥದ ಪೋಸ್ಟರುಗಳು ಆಗ ತಮಿಳುನಾಡಿನ ಗೋಡೆಗಳ ಮೇಲೆ ಬಂದವು. 2015ರ ಮೇ 11ರಂದು ಕರ್ನಾಟಕ ಹೈಕೋರ್ಟ್ ಬಿಡುಗಡೆ ಮಾಡಿತು. 2016ರ ಚುನಾವಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಹತ್ತರಲ್ಲಿ ಒಂಬತ್ತು ಸ್ಥಾನ ಅವರ ಪಕ್ಷಕ್ಕೆ. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯುವ ಹೊತ್ತಿಗೆ ಅವರು ತೀರಿಕೊಂಡು ಎರಡು ತಿಂಗಳು ದಾಟಿತ್ತು. ಜೈಲಿಗೆ ಹೋದದ್ದು ಶಶಿಕಲಾ ಮತ್ತಿತರರು.

ಕಾಡಿನ ಪ್ರಕರಣದ ಹಿಂದೆ ಹೀಗೆ ಬೀಳುವವರು ಯಾರು? 1991ರಿಂದ 96ರೊಳಗೆ ಕರ್ನಾಟಕದಲ್ಲಿ ಬಂಗಾರಪ್ಪ, ಮೊಯಿಲಿ, ದೇವೇಗೌಡ ಮೂವರು ಮುಖ್ಯಮಂತ್ರಿಗಳಾದರು. ಅತ್ತ ಜಯಲಲಿತಾ, ಆಮೇಲೆ ಕರುಣಾನಿಧಿ. ಕಾರ್ಯಪಡೆಯನ್ನು ಎಲ್ಲರೂ ನಡೆಸಿದವರೇ. ಎದುರಾಳಿಯ ಸೀರೆಗಳನ್ನು ಎಣಿಸುವುದರಲ್ಲಿ ಲಾಭವಿತ್ತು, ಬೆಟ್ಟದ ಹೆಂಗಸಿನ ದೂರು ಕೇಳುವುದರಲ್ಲಿ ಯಾವ ಪಕ್ಷಕ್ಕೂ ಲಾಭವಿರಲಿಲ್ಲ. ಕೇಳಿದ್ದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ. 1999ರಲ್ಲಿ ಅದು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯನ್ನು ನೇಮಿಸಿತು. ಮಲೆ ಮಹದೇಶ್ವರ ಬೆಟ್ಟದ ಶಿಬಿರದ 'ವರ್ಕ್‌ಶಾಪ್' ಎಂಬ ಕೋಣೆಯ ಹಿಂಸೆಯನ್ನು ಜನ ಅಲ್ಲಿ ಬಾಯಿಬಿಟ್ಟು ಹೇಳಿದರು. 2007ರಲ್ಲಿ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಲು ಹೇಳಿತು.

2004ರ ಅಕ್ಟೋಬರ್ 18ರಂದು ಧರ್ಮಪುರಿಯ ಪಾಪರಪಟ್ಟಿ ಬಳಿ ವೀರಪ್ಪನ್ ಸತ್ತ. ನೂರಕ್ಕೂ ಹೆಚ್ಚು ಜನರನ್ನು ಕೊಂದವನು, ಆ ಸಾವಿನಿಂದ ನಮ್ಮ ಊರುಗಳಿಗೆ ನಿದ್ದೆ ಬಂದದ್ದು ನಿಜ. ಕಾಡಿನಲ್ಲಿ ವರ್ಷಗಟ್ಟಲೆ ಅಲೆದು ಪ್ರಾಣ ಬಿಟ್ಟ ಪೊಲೀಸರ ಕಷ್ಟವೂ ಸುಳ್ಳಲ್ಲ. ಜಯಲಲಿತಾ ಸರ್ಕಾರ ಕಾರ್ಯಪಡೆಯ ಸುಮಾರು 750 ಮಂದಿಗೆ ತಲಾ 3 ಲಕ್ಷ ರೂಪಾಯಿ, ಒಂದು ಬಡ್ತಿ, ಮನೆ ನಿವೇಶನ ಘೋಷಿಸಿತು. ಹಣವೇ 22 ಕೋಟಿಗೂ ಮೇಲೆ. ಮೇಲಿನ 2.80 ಕೋಟಿಯನ್ನು ಇದರ ಪಕ್ಕದಲ್ಲಿಟ್ಟು ಓದುಗರೇ ನೋಡಲಿ.

ಒಂದೇ ಒಂದು ಊರಿನ ಲೆಕ್ಕ ಕೊನೆ ಮುಟ್ಟಿದೆ. ಧರ್ಮಪುರಿ ಜಿಲ್ಲೆಯ ವಾಚಾತ್ತಿ. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ ಆ ಊರಿಗೆ ನುಗ್ಗಿದರು. 18 ಹೆಂಗಸರ ಮೇಲೆ ಅತ್ಯಾಚಾರವಾಯಿತು. ಸರ್ಕಾರ ಅಲ್ಲಗಳೆಯಿತು. ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದವರೂ ಬುಡಕಟ್ಟು ಸಂಘದವರೂ ಬಿಡದೆ ಹಿಂದೆ ಬಿದ್ದರು. 269 ಆರೋಪಿಗಳಲ್ಲಿ 54 ಜನ ತೀರ್ಪಿಗೆ ಮೊದಲೇ ಸತ್ತರು. ಉಳಿದ 215 ಜನರೂ ತಪ್ಪಿತಸ್ಥರೆಂದು 2011ರ ಸೆಪ್ಟೆಂಬರ್ 29ರಂದು ಧರ್ಮಪುರಿ ನ್ಯಾಯಾಲಯ ಹೇಳಿತು. ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿದದ್ದು ಸರಿಯಾಗಿ ಹನ್ನೆರಡು ವರ್ಷದ ನಂತರ, 2023ರ ಅದೇ ದಿನ. ಆ ಹೆಂಗಸರಿಗೆ ತಲಾ 10 ಲಕ್ಷ ಕೊಡಬೇಕು, ಅದರಲ್ಲಿ ಅರ್ಧವನ್ನು ತಪ್ಪಿತಸ್ಥರಿಂದಲೇ ವಸೂಲಿ ಮಾಡಬೇಕು ಎಂದಿತು. ಅಂದಿನ ಜಿಲ್ಲಾಧಿಕಾರಿ, ಎಸ್ಪಿ, ಅರಣ್ಯಾಧಿಕಾರಿಗಳ ಮೇಲೂ ಕ್ರಮ ಜರುಗಿಸಿ ಎಂದಿತು.