ಮಗನ ಬ್ಯಾಗು ನೀವು ತುಂಬಬೇಡಿ

ಊರಿನ ತಾಯಂದಿರ ಮೇಲೆ ನನ್ನದೊಂದು ತಕರಾರಿದೆ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಹುಬ್ಬಳ್ಳಿ, ಧಾರವಾಡ, ಬಾಗಲಕೋಟೆ ಕಡೆಯಿಂದ ಪುಣೆಗೆ ನೌಕರಿಗೆಂದು ಬರುವ ಹುಡುಗರು ಮೊದಲು ಇಳಿಯುವುದು ನಮ್ಮಂಥ ಹಳಬರ ಮನೆಯಲ್ಲಿ. ಬ್ಯಾಂಕಿನಿಂದ ನಿವೃತ್ತನಾಗಿ ಇಲ್ಲಿ ನೆಲೆ ನಿಂತ ಮೇಲೆ ಏಳೆಂಟು ಹುಡುಗರ ಬ್ಯಾಗು ನಮ್ಮ ಹಾಲ್‌ನಲ್ಲಿ ಬಿಚ್ಚಿಕೊಂಡಿದ್ದನ್ನು ಕಂಡಿದ್ದೇನೆ. ಇತ್ತೀಚೆಗೆ ಬಂದವನು ನನ್ನ ತಂಗಿಯ ಮಗ, ಇಂಜಿನಿಯರು. ತಂಗಿ ಎರಡು ದಿನ ಕೂತು ಬ್ಯಾಗು ತುಂಬಿದ್ದಳು. ಬಿಚ್ಚಿದಾಗ ನೋಡಬೇಕಿತ್ತು, ಅಂಗಡಿಯಲ್ಲಿ ಜೋಡಿಸಿಟ್ಟ ಹಾಗೆ! ಸಾಹೇಬರು ಟವೆಲ್ ಹುಡುಕಲು ತಳಕ್ಕೆ ಕೈ ಹಾಕಿದರು. ಐದು ನಿಮಿಷದಲ್ಲಿ ನಮ್ಮ ಹಾಲ್ ದುರ್ಗದಬೈಲ್ ಪೇಟೆಯಾಯಿತು. ಆಮೇಲೆ ಮನೆಗೆ ಫೋನು: "ಅವ್ವಾ, ನನ್ನ ಬನಿಯನ್ ಎಲ್ಲಿಟ್ಟೀ?" ಬ್ಯಾಗು ಅವನ ಕಾಲ ಬುಡದಲ್ಲಿದೆ, ಬನಿಯನ್ನಿನ ವಿಳಾಸ ಮಾತ್ರ ಹುಬ್ಬಳ್ಳಿಯಲ್ಲಿದೆ. ಸಾಲದ್ದಕ್ಕೆ ಉಪ್ಪಿನಕಾಯಿ ಎಣ್ಣೆ ಸೋರಿ, ಮರುದಿನ ಕೆಲಸಕ್ಕೆ ಹಾಜರಾಗಲು ತಂದಿದ್ದ ಶರ್ಟಿಗೆ ಹತ್ತಿತ್ತು. ನನ್ನಾಕೆ "ತಾ ಇಲ್ಲೆ, ನಾ ಒಗೀತೀನಿ" ಅಂತ ಎದ್ದಳು. "ಕೂತ್ಕೋ, ಅವನೇ ಒಗೀಲಿ" ಅಂದೆ. ಹುಡುಗನ ಮುಖ ಸಣ್ಣದಾಯಿತು.

ಇದೇನು ಮುದುಕ ಇಷ್ಟು ಕಠೋರ ಅನ್ನಬೇಡಿ. ಇದಕ್ಕೊಂದು ಹಿಂದಿನ ಕಥೆಯಿದೆ.

1989ರ ಮಾತು. ನಾವು ಆಗ ಡೊಂಬಿವಲಿಯಲ್ಲಿದ್ದೆವು. ಒಂದು ಮಧ್ಯಾಹ್ನ ಧಾರವಾಡದಿಂದ ಬ್ಯಾಂಕಿಗೆ ಟ್ರಂಕ್ ಕಾಲ್ ಬಂತು. ನಮ್ಮ ಅತ್ತೆಯವರಿಗೆ ಬಹಳ ಸೀರಿಯಸ್, ಮಗಳನ್ನು ಕೂಡಲೇ ಕಳಿಸಿ ಅಂತ. ಆಗಿನ್ನೂ ಮಿರಜಿನವರೆಗೆ ಬ್ರಾಡ್‌ಗೇಜ್, ಅಲ್ಲಿ ಇಳಿದು ಮೀಟರ್‌ಗೇಜ್ ಗಾಡಿ ಹತ್ತಬೇಕು. ರಾತ್ರಿ ಗಾಡಿಯನ್ನು ಕಲ್ಯಾಣದಲ್ಲಿ ಹಿಡಿಯುವುದೆಂದು ಠರಾಯಿಸಿದೆವು. ಆದರೆ ಮರುದಿನ ನಾನು ಒಂದು ವಾರದ ತಪಾಸಣೆಗೆ ನಾಗಪುರಕ್ಕೆ ಹೋಗುವುದಿತ್ತು. ನನ್ನ ಸೂಟ್‌ಕೇಸು ತುಂಬಿರಲಿಲ್ಲ. ಅವಳು ಕಣ್ಣೊರೆಸಿಕೊಳ್ಳುತ್ತಲೇ ಆರು ಶರ್ಟಿಗೆ ಇಸ್ತ್ರಿ ಹಾಕಿದಳು, ಮಡಿಚಿದಳು, ಪ್ಯಾಂಟು, ಲುಂಗಿ, ಕಾಲುಚೀಲ ಎಲ್ಲ ಎಣಿಸಿ ಇಟ್ಟಳು. ನಾನು? ಕುರ್ಚಿಯಲ್ಲಿ ಕೂತು "ಕರವಸ್ತ್ರ ಇಟ್ಟಿಯೇನು?" ಎಂದು ಕೇಳಿದೆ. ಕೊನೆಗೆ ತನ್ನ ಎರಡು ಸೀರೆಗಳನ್ನು ಒಂದು ಕೈಚೀಲದಲ್ಲಿ ತುರುಕಿಕೊಂಡು ಹೊರಟಳು. ನಾವು ಕಲ್ಯಾಣದ ಸೇತುವೆ ಮೇಲಿದ್ದಾಗ ಗಾಡಿಯ ಹಿಂದಿನ ಕೆಂಪು ದೀಪ ಕಾಣಿಸಿತು. ಮರುದಿನದ ಗಾಡಿಗೆ ಇಬ್ಬರೂ ಹೋದೆವು. ಧಾರವಾಡ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾಗಪುರ ರದ್ದಾಯಿತು. ಆ ಆರು ಶರ್ಟು ಮಡಿಕೆ ಬಿಚ್ಚದೆ ಹಾಗೇ ಉಳಿದವು.

ನನ್ನಾಕೆ ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ಎತ್ತಿ ಜಗಳ ಮಾಡಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ.

ನಾನು ಎಂ.ಕಾಂ. ಪಾಸಾದವನು. ಕ್ಯಾಶ್ ಎಣಿಸದೆ ಸಹಿ ಹಾಕಿದ ಕ್ಯಾಶಿಯರುಗಳಿಗೆ ಮೆಮೊ ಕೊಟ್ಟವನು. ವರ್ಗವಾಗಿ ಹೋದಲ್ಲೆಲ್ಲ ಬೀಗದ ಕೈಯಿಂದ ಹಿಡಿದು ಒಂದೊಂದನ್ನೂ ತಾಳೆ ನೋಡಿಯೇ ಚಾರ್ಜು ತೆಗೆದುಕೊಂಡವನು. ಅಂಥವನು ತನ್ನ ಸೂಟ್‌ಕೇಸಿನಲ್ಲಿ ಏನಿದೆ, ಎಷ್ಟಿದೆ ಎಂದು ತಿಳಿಯದೆ ಊರೂರು ತಿರುಗಿದೆ. ಮದುವೆಗೆ ಮುಂಚೆ ಅವ್ವ ತುಂಬುತ್ತಿದ್ದಳು, ಆಮೇಲೆ ಹೆಂಡತಿ ತುಂಬಿದಳು. ನನ್ನ ಮಟ್ಟಿಗೆ ಬರೀ ಚಾರ್ಜು ಬದಲಾಗಿತ್ತು, ಅಷ್ಟೇ.

ನೀವು ಹೇಳುವುದು ಗೊತ್ತು: "ಹೆಂಗಸರ ಕೈ ಚೊಕ್ಕ, ಗಂಡುಹುಡುಗರಿಗೆ ಇದೆಲ್ಲ ಬರೂದಿಲ್ಲ." ಹಾಗಿದ್ದರೆ ಬಟ್ಟೆ ಅಂಗಡಿಯಲ್ಲಿ ನೂರಾರು ಸೀರೆ ಬಿಚ್ಚಿ ತೋರಿಸಿ, ಕಣ್ಣು ಮುಚ್ಚಿ ಬಿಡುವುದರೊಳಗೆ ಮತ್ತೆ ಮಡಿಕೆ ಹಾಕಿಡುವವರು ಯಾರು? ಬಹುಪಾಲು ಗಂಡಸರೇ ಅಲ್ಲವೇ? ಸಂಬಳ ಬಂದರೆ ಬರುತ್ತದೆ, ಮನೆಯಲ್ಲಿ ಬರುವುದಿಲ್ಲ! "ಪ್ರೀತಿಯಿಂದ ಮಾಡ್ತೀವಿ" ಅನ್ನುತ್ತೀರಿ. ಒಪ್ಪಿದೆ. ಆ ಪ್ರೀತಿಯನ್ನು ಚಟ್ನಿಪುಡಿಯಲ್ಲಿ ತೋರಿಸಿ, ಬೇರೆ ಚೀಲದಲ್ಲಿ ಕಟ್ಟಿಕೊಡಿ. "ಅದೇನು ದೊಡ್ಡ ವಿದ್ಯೆ?" ಅಂತಲೂ ಕೇಳುತ್ತೀರಿ. ದೊಡ್ಡ ವಿದ್ಯೆ ಅಲ್ಲ ಎಂದೇ ನಾನೂ ಹೇಳುತ್ತಿರುವುದು. ಅರ್ಧ ತಾಸಿನ ಪಾಠ.

ಬೂಟು, ದಪ್ಪ ಪ್ಯಾಂಟು ಚಕ್ರದ ಕಡೆ ಬರಬೇಕು, ಬ್ಯಾಗು ನಿಲ್ಲಿಸಿದಾಗ ಭಾರ ಕೆಳಗಿರುತ್ತದೆ. ಬೂಟಿಗೊಂದು ಚೀಲ, ಬೂಟಿನೊಳಗೆ ಕಾಲುಚೀಲ. ಬನಿಯನ್, ಟೀ ಶರ್ಟು, ಲುಂಗಿ ಸುರುಳಿ ಸುತ್ತಿದರೆ ಜಾಗ ಉಳಿಯುತ್ತದೆ. ಇಸ್ತ್ರಿ ಶರ್ಟು ಮಾತ್ರ ಗುಂಡಿ ಹಾಕಿ ಮಡಿಚಬೇಕು. ಒಂದರ ಕಾಲರು ಈ ಕಡೆ, ಇನ್ನೊಂದರದು ಆ ಕಡೆ ಇಟ್ಟರೆ ಅಟ್ಟಿ ಸಮನಾಗಿರುತ್ತದೆ, ಕಾಲರೂ ಮುದುಡುವುದಿಲ್ಲ. ಇಳಿದ ಕೂಡಲೇ ಬೇಕಾಗುವ ಟವೆಲು, ಒಂದು ಜೊತೆ ಬಟ್ಟೆ ಎಲ್ಲಕ್ಕಿಂತ ಮೇಲೆ. ಮೈಲಿಗೆ ಬಟ್ಟೆಗೆ ಒಂದು ಖಾಲಿ ಚೀಲ. ಎಣ್ಣೆ, ಉಪ್ಪಿನಕಾಯಿ ಬಟ್ಟೆಯ ಹತ್ತಿರ ಸುಳಿಯಲೇಬಾರದು. ಕಡೆಗೆ ಬ್ಯಾಗನ್ನು ಎತ್ತಿ ನೋಡಬೇಕು. ರೈಲಿನ ಸ್ಲೀಪರಿನಲ್ಲಿ 40 ಕಿಲೋ ಉಚಿತ ನಿಜ, ಆದರೆ ಅದನ್ನು ಹೊರುವವನು ಅವನೇ. ಅವ್ವ ತುಂಬಿದರೆ ಇನ್ನೊಂದಿರಲಿ, ಮತ್ತೊಂದಿರಲಿ ಅಂತ ತುಂಬುತ್ತಾಳೆ. ತಾನೇ ತುಂಬಿದವನು ಎತ್ತಿ ನೋಡಿ ಎರಡು ಪ್ಯಾಂಟು ಹೊರಗೆ ತೆಗೆಯುತ್ತಾನೆ.

ನಾನು ಕಲಿತದ್ದು ಆ ಧಾರವಾಡದ ಪ್ರಯಾಣದ ನಂತರ, ಮೂವತ್ತು ದಾಟಿದ ಮೇಲೆ. ಮೊದಲ ಸಲ ನಾನೇ ತುಂಬಿಕೊಂಡು ಹೋದಾಗ ಬೆಲ್ಟು ಮರೆತಿದ್ದೆ. ಇಡೀ ದಿನ ಪ್ಯಾಂಟು ಎಳೆದುಕೊಳ್ಳುತ್ತ ಲೆಡ್ಜರು ನೋಡಿದೆ. ಮುಂದೆಂದೂ ಮರೆಯಲಿಲ್ಲ.

ಆದ್ದರಿಂದ ಮಗ ಊರು ಬಿಡುವ ಹಿಂದಿನ ರಾತ್ರಿ ಖಾಲಿ ಬ್ಯಾಗನ್ನು ಅವನ ಮುಂದೆ ಇಡಿ. ನೀವು ಕುರ್ಚಿಯಲ್ಲಿ ಕೂತುಕೊಳ್ಳಿ. ಕೈ ತುರಿಸುತ್ತದೆ, ಏಳಬೇಡಿ. ನಾಳೆ ಅವನ ಮನೆಗೆ ಬರುವ ಹುಡುಗಿಗೂ ಎಲ್ಲೋ ಒಬ್ಬ ತಾಯಿ ಇರುತ್ತಾಳೆ. ಅವನು ಏನಾದರೂ ಮರೆತರೆ ಮರೆಯಲಿ ಬಿಡಿ. ಪುಣೆಯಲ್ಲೂ ಬನಿಯನ್ ಸಿಗುತ್ತವೆ.